ಮನೆಗೇ ಬಂದು ಬಿಳಿ ಕೋಲು ಹಿಡಿಸಿದ ತರಬೇತಿ: ಐದಕ್ಕೆ ನಾಲ್ಕು

ಅಪ್ಪ ಸೈನ್ಯದ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಇದ್ದವರು, ಹವಾಲ್ದಾರ್ ಆಗಿ ರಿಟೈರ್ ಆಗಿ ಹಾಸನಕ್ಕೆ ಬಂದರು. ಗ್ಲಾಕೋಮಾದಿಂದ ಈಗ ಎರಡೂ ಕಣ್ಣು ಹೋಗಿವೆ. ಈ ಕಾಯಿಲೆ ಸಾಮಾನ್ಯವಾಗಿ ಮೊದಲು ಪಕ್ಕದ ನೋಟವನ್ನು ತಿನ್ನುತ್ತದೆ, ನೋವಿಲ್ಲ ಏನಿಲ್ಲ, ಹಾಗಾಗಿ ಅವರು ಬಾಗಿಲಿಗೆ ಭುಜ ಹೊಡೆದುಕೊಂಡಾಗಲೆಲ್ಲ ವಯಸ್ಸಾಯ್ತು ಅಂದುಕೊಂಡು ನಾವು ಸುಮ್ನಿದ್ದೆವು. ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಹೋದ ನೋಟ ವಾಪಸ್ ಬರುವುದಿಲ್ಲ.

ಚಿಕಿತ್ಸೆಯ ಬಗ್ಗೆ ನಮ್ಮ ದೂರಿಲ್ಲ. ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇಸಿಎಚ್‌ಎಸ್) ಕಾರ್ಡ್ ಇತ್ತು, ಡ್ರಾಪ್ಸು, ಆಪರೇಷನ್ನು ಯಾವುದಕ್ಕೂ ಕೈಯಿಂದ ದುಡ್ಡು ಹೋಗಲಿಲ್ಲ. ಕಷ್ಟ ಶುರುವಾಗಿದ್ದು ಚಿಕಿತ್ಸೆ ಮುಗಿದ ಮೇಲೆ. ಮುಂದೇನು ಅಂತ ಒಂದು ಕಚೇರಿಯಲ್ಲಿ ಕೇಳಿದರೆ "ಪಿಂಚಣಿ ಬರ್ತಿದೆಯಲ್ಲಮ್ಮಾ, ಮನೇಲಿ ಹುಷಾರಾಗಿ ನೋಡ್ಕೊಳ್ಳಿ" ಅಂದರು. ನೋಡಿಕೊಂಡೆವು. ಒಂದು ವರ್ಷ ಅಪ್ಪ ಜಗಲಿ ಬಿಟ್ಟು ಕದಲಲಿಲ್ಲ, ಬಚ್ಚಲಿಗೂ ಅಮ್ಮನ ಕೈ ಬೇಕಿತ್ತು.

ಆಮೇಲೆ ಪರಿಚಯದವರೊಬ್ಬರಿಂದ ಬೆಂಗಳೂರಿನ ಒಂದು ಸಣ್ಣ ಸಂಸ್ಥೆಯ ನಂಬರ್ ಸಿಕ್ಕಿತು. ಕಣ್ಣಿಲ್ಲದವರಿಗೆ ಓಡಾಟ ಕಲಿಸುತ್ತಾರೆ. ಟ್ರೇನರ್ ಮನೆಗೇ ಬಂದು ಹನ್ನೆರಡು ದಿನ ಹಾಸನದಲ್ಲೇ ಉಳಿದರು. ಬಸ್ ಚಾರ್ಜು, ಊಟ ಬಿಟ್ಟರೆ ಏನೂ ತಗೊಳ್ಳಲಿಲ್ಲ. ಅವರಿಗೂ ಕಣ್ಣು ಕಾಣಿಸುವುದಿಲ್ಲ, ಅದು ನಮಗೆ ಗೊತ್ತಾಗಿದ್ದು ಅವರು ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗಲೇ! ಅಪ್ಪ ಅಂತೂ ಮೊದಲ ದಿನ ಮುಖ ತಿರುಗಿಸಿಕೊಂಡು ಕೂತರು. ಬಿಳಿ ಕೋಲು ಹಿಡಿದರೆ ಬೀದಿಯವರೆಲ್ಲ ಅಯ್ಯೋ ಪಾಪ ಅಂತಾರೆ ಅನ್ನುವ ಸಂಕಟ.

ಕೋಲಿನ ಪಾಠ ಹೀಗೆ. ಎಡಗಾಲು ಮುಂದಿಟ್ಟಾಗ ಕೋಲಿನ ತುದಿ ಬಲಗಡೆ ನೆಲ ಮುಟ್ಟಬೇಕು, ಬಲಗಾಲಿಟ್ಟಾಗ ಎಡಗಡೆ. ಅಂದರೆ ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ನೋಡಿರುತ್ತದೆ. ಇದು ಕೈಗೆ ಹತ್ತಲು ತುಂಬಾ ಜನರಿಗೆ ದಿನಗಟ್ಟಲೆ ಬೇಕಂತೆ. ಅಪ್ಪನಿಗೆ ಅರ್ಧ ಗಂಟೆ ಸಾಕಾಯಿತು. "ಪೆರೇಡಿನಲ್ಲಿ ಎಡಗಾಲಿಗೆ ಬಲಗೈ ಅಲ್ವಾ, ಇದೂ ಅದೇ" ಅಂದರು. ಮಾರನೇ ದಿನ ಚರಂಡಿ ಕಲ್ಲಿನ ಹತ್ತಿರ ನಿಂತು ಕೋಲು ಆಡಿಸುತ್ತಾ, ನೆಲದಲ್ಲಿ ಹೂತಿಟ್ಟ ಮೈನ್ (ನೆಲಬಾಂಬ್) ಹುಡುಕುವಾಗಲೂ ಹೀಗೇ ನೆಲ ಚುಚ್ಚಿ ಚುಚ್ಚಿ ನೋಡುತ್ತಿದ್ದೆವು ಅಂತ ಟ್ರೇನರ್‌ಗೇ ಕ್ಲಾಸ್ ತಗೊಂಡರು.

ಆಗ ಟ್ರೇನರ್ ಹೇಳಿದ್ದು, ಈ ನಡಿಗೆ ಹುಟ್ಟಿದ್ದೇ ಸೈನಿಕರಿಗಾಗಿ. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡು ಬಂದ ಅಮೆರಿಕದ ಸೈನಿಕರಿಗೆ ವ್ಯಾಲಿ ಫೋರ್ಜ್ ಮಿಲಿಟರಿ ಆಸ್ಪತ್ರೆಯಲ್ಲಿ ರಿಚರ್ಡ್ ಹೂವರ್ ಎಂಬವರು ಉದ್ದನೆಯ ಕೋಲಿನ ಈ ಪದ್ಧತಿ ರೂಪಿಸಿದರು. 1948ರಲ್ಲಿ ಅಲ್ಲಿನ ಸರ್ಕಾರ ಇಲಿನಾಯ್ ರಾಜ್ಯದ ಹೈನ್ಸ್‌ನಲ್ಲಿ ಮಾಜಿ ಸೈನಿಕರಿಗೆಂದೇ ಕೇಂದ್ರ ತೆರೆಯಿತು. ನಮ್ಮಲ್ಲಿ ಅದಕ್ಕೂ ಮೊದಲೇ, 1943ರಲ್ಲಿ, ಯುದ್ಧದಲ್ಲಿ ಕುರುಡಾದವರಿಗೆಂದು ಡೆಹ್ರಾಡೂನ್‌ನಲ್ಲಿ ಸೇಂಟ್ ಡನ್‌ಸ್ಟನ್ಸ್ ಹಾಸ್ಟೆಲ್ ಶುರುವಾಗಿತ್ತು. ಇವತ್ತಿನ ರಾಷ್ಟ್ರೀಯ ದೃಷ್ಟಿ ವಿಕಲಚೇತನರ ಸಂಸ್ಥೆಯ ಬೇರು ಅದೇ. ಇಷ್ಟೆಲ್ಲ ಇದ್ದೂ ನಮ್ಮಪ್ಪನಿಗೆ ಕೋಲು ಹಿಡಿಯಲು ಕಲಿಸುವವರು ಸಿಕ್ಕಿದ್ದು ಪರಿಚಯದವರ ಬಾಯಿಂದ ಬಾಯಿಗೆ ಬಂದ ಒಂದು ಫೋನ್ ನಂಬರಿನಿಂದ ನೋಡಿ. ಇರಲಿ.

ಕೊನೆಯ ಮೂರು ದಿನ ಸ್ಮಾರ್ಟ್‌ಕೇನ್ ಕಲಿಸಿದರು. ದೆಹಲಿ ಐಐಟಿಯವರು ರೂಪಿಸಿದ್ದು, ಬಿಳಿ ಕೋಲಿನ ಹಿಡಿಗೆ ಸಿಕ್ಕಿಸುವ ಸಾಧನ, ಚಾರ್ಜ್ ಮಾಡಬೇಕು. ಎದುರಿಗೆ ಏನಾದರೂ ಅಡ್ಡ ಬಂದರೆ ಹಿಡಿ ನಡುಗುತ್ತದೆ, ಹೊರಗಡೆ ಸುಮಾರು 3 ಮೀಟರ್ ದೂರದಿಂದಲೇ. ಇದರ ಉಪಯೋಗ ಮಂಡಿಯಿಂದ ಮೇಲಕ್ಕೆ ಬರುವ ಅಡ್ಡಗಳಿಗೆ: ಬಗ್ಗಿದ ಸೀಬೆ ಕೊಂಬೆ, ನಿಂತ ಲಾರಿಯ ಹಿಂಭಾಗ. ಗುಂಡಿ, ಮೆಟ್ಟಿಲು ಹುಡುಕುವುದು ಕೋಲಿನ ತುದಿಯ ಕೆಲಸವೇ. ಹಾಗಾಗಿ ಸಾಧನ ಒಂದನ್ನೇ ಕೊಂಡು ತರಬೇತಿ ಬಿಟ್ಟರೆ ದುಡ್ಡು ದಂಡ. ಮೊದಲು ಸಾದಾ ಕೋಲಿನಲ್ಲಿ ಕೈ ಪಳಗಲಿ.

ಫೋನಿಗೆ ರಿಸರ್ವ್ ಬ್ಯಾಂಕಿನ ಮಣಿ ಆ್ಯಪ್ ಹಾಕಿಕೊಟ್ಟರು, ಪುಕ್ಕಟೆ. ಕ್ಯಾಮೆರಾ ಮುಂದೆ ನೋಟು ಹಿಡಿದರೆ ಎಷ್ಟರದ್ದು ಅಂತ ಹೇಳುತ್ತದೆ. ಅಪ್ಪ ಅದನ್ನು ಹಿಂದಿಯಲ್ಲೇ ಇಟ್ಟುಕೊಂಡಿದ್ದಾರೆ, ರೆಜಿಮೆಂಟಿನ ಅಭ್ಯಾಸ. ಈಗ ಹಾಲಿಗೆ ಅವರೇ ಹೋಗುತ್ತಾರೆ. ಮನೆಯಿಂದ ಬೂತಿಗೆ ಇನ್ನೂರ ಹತ್ತು ಹೆಜ್ಜೆ, ಚಿಲ್ಲರೆ ಎಣಿಸಿಯೇ ತಗೊಳ್ಳೋದು.

ಒಂದು ಸ್ಟಾರ್ ಯಾಕೆ ಕಡಿಮೆ ಅಂದರೆ, ಮೂರು ತಿಂಗಳಿಗೆ ಮತ್ತೆ ಬಂದು ನೋಡುತ್ತೇವೆ ಅಂದವರು ಬರಲಿಲ್ಲ. ನಾಲ್ಕು ಸಲ ಫೋನ್ ಮಾಡಿದೆ, ಜನ ಕಡಿಮೆ ಇದ್ದಾರೆ ಮೇಡಂ ಅಂತಾರೆ. ಈ ನಡುವೆ ನಮ್ಮ ರಸ್ತೆಯನ್ನು ಪೈಪಿಗೆಂದು ಅಗೆದಿದ್ದಾರೆ, ಹೊಸ ದಾರಿ ತೋರಿಸುವವರು ಬೇಕು. ಅಪ್ಪ ಮಾತ್ರ ಐದಕ್ಕೆ ಐದೇ ಹಾಕು ಅಂತಾರೆ. ಟ್ರೇನರ್ ಬಂದಾಗ ಕೊಡಲು ಮಿಲಿಟರಿ ಕ್ಯಾಂಟೀನಿಂದ ತಂದ ಬಾಟಲಿ ಒಂದನ್ನು ಬೀರುವಿನಲ್ಲಿ ಇಟ್ಟು, ಬೀಗದ ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದಾರೆ.