ಮಾಂಡೋವಿ ದಂಡೆಯ ಕಾಲುದಾರಿ: ಡಿಸೆಂಬರಿನ ಕಲೆ ಬಿಟ್ಟುಹೋಗಬೇಕಾದದ್ದು

ಪಣಜಿಯಲ್ಲಿ ನದಿಯನ್ನು ನೋಡುತ್ತ ನಡೆಯಲು ಎಲ್ಲಿಗೆ ಹೋಗಬೇಕೆಂದು ಕೇಳಿದರೆ ಎಲ್ಲರೂ ತೋರಿಸುವುದು ದಯಾನಂದ ಬಾಂದೋಡ್ಕರ್ ಮಾರ್ಗದ ಪಕ್ಕದ ಕಾಲುದಾರಿಯನ್ನು. ಆದಿಲ್‌ಶಾಹಿ ಅರಮನೆಯ ಎದುರಿನಿಂದ ಹೊರಟು, ಕಂಪಾಲ್ ಮತ್ತು ಕಲಾ ಅಕಾಡೆಮಿಗಳನ್ನು ಹಾದು ಮಿರಾಮಾರ್ ಕಡಲತೀರ ಮುಟ್ಟುವವರೆಗಿನ ಸುಮಾರು ಮೂರು ಕಿಲೋಮೀಟರ್‌ಗಳಲ್ಲಿ ಅದು ಬಹುಪಾಲು ಮಾಂಡೋವಿಯ ಮಗ್ಗುಲಲ್ಲೇ ಸಾಗುತ್ತದೆ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಇಲ್ಲಿ ಮಾಂಡೋವಿಯಾಗಿ, ಅಗಲವಾಗಿ, ಭರತ ಇಳಿತಗಳಿಗೆ ಏರಿಳಿಯುತ್ತ ಸಮುದ್ರ ಸೇರುವುದರಿಂದ ಗೋವಾದಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ದಂಡೆಯೊಂದಿಗೆ ಒಂದು ಸಲುಗೆ ಇದೆ. ಅರಮನೆಯನ್ನು ಕಟ್ಟಿಸಿದವನೂ ನಮ್ಮ ವಿಜಯಪುರದ ಯೂಸುಫ್ ಆದಿಲ್ ಶಾಹ. 1510ರಲ್ಲಿ ಪೋರ್ಚುಗೀಸರ ಕೈ ಸೇರಿದ ಆ ಕಟ್ಟಡ ಮುಂದೆ ವೈಸರಾಯರ ನಿವಾಸವಾಯಿತು, ಅನಂತರ ಸಚಿವಾಲಯವಾಯಿತು. ಈಗ ಅದರ ಕೋಣೆಗಳಲ್ಲಿ ಕಲಾಪ್ರದರ್ಶನಗಳು ನಡೆಯುತ್ತವೆ.

ನಾನು ಇಲ್ಲಿ ವಿಮರ್ಶಿಸಲು ಹೊರಟಿರುವುದು ಆ ಕೋಣೆಗಳನ್ನಲ್ಲ, ವರ್ಷದ ಕೊನೆಯ ವಾರಗಳಲ್ಲಿ ಹೊರಗಿನ ಕಾಲುದಾರಿಯ ಮೇಲೆ ಬಂದು ನಿಂತು, ಕೆಲವೇ ದಿನಗಳಲ್ಲಿ ಕಳಚಿಹೋಗುವ ಕಲಾಕೃತಿಗಳನ್ನು. ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ 2004ರಲ್ಲಿ ಗೋವಾಕ್ಕೆ ಬಂದ ಮೇಲೆ ನವೆಂಬರಿನಲ್ಲಿ ಈ ರಸ್ತೆ ಸಿಂಗಾರಗೊಳ್ಳುವುದು ವಾಡಿಕೆಯಾಯಿತು. 2016ರಲ್ಲಿ ಆರಂಭವಾದ ಸೆರೆಂಡಿಪಿಟಿ ಕಲಾ ಉತ್ಸವ, ಕೊರೊನಾ ಕಾಲದ ಬಿಡುವನ್ನು ಕಳೆದರೆ, ಡಿಸೆಂಬರಿನಲ್ಲಿ ಹಳೆಯ ವೈದ್ಯಕೀಯ ಕಾಲೇಜಿನ ಕಟ್ಟಡವೂ ಸೇರಿದಂತೆ ನದಿಯ ಆಸುಪಾಸಿನ ಹಲವು ತಾಣಗಳನ್ನು ಕಲೆಗೆ ತೆರೆದಿಟ್ಟಿದೆ. ಇವಲ್ಲದೆ ಬೇರೆ ಬೇರೆ ಆಯೋಜಕರು ಇಡುವ ಬಿಡಿ ಕೃತಿಗಳೂ ಇರುತ್ತವೆ. ಯಾರದು ಯಾವುದು ಎಂಬುದು ನಡೆಯುವವನಿಗೆ ಮುಖ್ಯವಲ್ಲ. ಅವನಿಗೆ ಸಿಗುವುದು ಒಂದು ದಾರಿ. ನಾನೂ ಅದನ್ನು ಒಂದೇ ದಾರಿಯೆಂದು ನೋಡಿದ್ದೇನೆ.

ಕಲೆಯಿಲ್ಲದ ತಿಂಗಳುಗಳಲ್ಲಿ ಆ ದಾರಿ ಹೇಗಿರುತ್ತದೆ ಎಂಬುದನ್ನು ಮೊದಲು ಹೇಳಬೇಕು. ನದಿ ಪಕ್ಕದಲ್ಲೇ ಇದ್ದರೂ ಕಣ್ಣಿಗೆ ತುಂಡುತುಂಡಾಗಿ ಸಿಗುತ್ತದೆ. ಕ್ಯಾಸಿನೊ ಹಡಗುಗಳಿಗೆ ಜನರನ್ನು ಸಾಗಿಸುವ ಕಟ್ಟೆಗಳು, ಅವುಗಳ ಕಮಾನುಗಳು, ಫಲಕಗಳು ಮತ್ತು ನಿಂತ ವಾಹನಗಳು ಅಲ್ಲಲ್ಲಿ ನೀರನ್ನು ಮರೆಮಾಡುತ್ತವೆ. ಮಧ್ಯಾಹ್ನದಿಂದ ನಾಲ್ಕು ಗಂಟೆಯವರೆಗೆ ದಂಡೆಯ ಬಹುಭಾಗದಲ್ಲಿ ನೆರಳಿಲ್ಲ. ದೊಡ್ಡ ಮರಗಳಿರುವುದು ಕಂಪಾಲ್ ಕಡೆಗೆ. ಕುಳಿತುಕೊಳ್ಳಲು ಹೋದರೆ ಕೆಲವೆಡೆ ಬೆಂಚು ರಸ್ತೆಯತ್ತ ಮುಖ ಮಾಡಿರುತ್ತದೆ, ಕೆಲವೆಡೆ ಬೆಂಚೇ ಇಲ್ಲ. ಊರಿಗೂ ನದಿಗೂ ನಡುವೆ ಬಿಡುವಿಲ್ಲದೆ ವಾಹನ ಹರಿಯುವ ರಸ್ತೆಯಿದ್ದು, ಮಗುವಿನ ಕೈ ಹಿಡಿದವರಾಗಲಿ ಮುದುಕರಾಗಲಿ ಅದನ್ನು ದಾಟಲು ಬಹಳ ಹೊತ್ತು ಕಾಯಬೇಕಾಗುತ್ತದೆ. ಹೀಗಾಗಿ ಹೆಚ್ಚಿನ ಜನ ಈ ದಂಡೆಯನ್ನು ಆಚೆ ದಡದ ಬೆತಿಂಗೆ ಹೋಗುವ ದೋಣಿ ಹಿಡಿಯಲು ಅಥವಾ ಕದಂಬ ಬಸ್ ನಿಲ್ದಾಣ ತಲುಪಲು ಬಳಸುವ ಹಾದಿಯಾಗಿ ಕಾಣುತ್ತಾರೆಯೇ ಹೊರತು ನಿಲ್ಲುವ ಜಾಗವಾಗಿ ಅಲ್ಲ. ಇಷ್ಟು ಚೆಂದದ ನದಿ ಊರ ನಡುವೆ ಇದ್ದೂ ಜನ ಅದರ ಪಕ್ಕದಲ್ಲಿ ತಲೆ ತಗ್ಗಿಸಿ ಸರಸರನೆ ನಡೆದುಹೋಗುವುದನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ಆದ್ದರಿಂದ ದಂಡೆಯ ಕಲೆಗೆ ನಾನು ಇಟ್ಟುಕೊಂಡಿರುವ ಅಳತೆ ಸರಳವಾದದ್ದು. ಕೃತಿ ಇರುವ ಜಾಗದಲ್ಲಿ ಜನ ನಿಂತರೇ, ಕುಳಿತರೇ, ಕುಳಿತು ನದಿಯತ್ತ ನೋಡಿದರೇ?

ಕಳೆದ ಡಿಸೆಂಬರಿನಲ್ಲಿ ಈ ಅಳತೆಗೆ ಪೂರ್ಣವಾಗಿ ನಿಂತದ್ದು ಒಂದು ಬಿದಿರಿನ ರಚನೆ. ದೂರದಿಂದ ನೋಡಿದರೆ ಮಗುಚಿ ಹಾಕಿದ ದೋಣಿಯಂತಿತ್ತು. ಹತ್ತಿರ ಹೋದಾಗ ಅದರ ಕೆಲಸಗಾರಿಕೆ ತಿಳಿಯುತ್ತಿತ್ತು. ಸೀಳಿದ ಬಿದಿರನ್ನು ಬೆಂಕಿಗೆ ಹಿಡಿದು ಬಾಗಿಸಿ ಪಕ್ಕೆಲುಬುಗಳನ್ನು ಮಾಡಿ, ಕೀಲುಗಳಲ್ಲಿ ಮೊಳೆಯನ್ನೇ ಬಳಸದೆ ತೆಂಗಿನ ನಾರಿನ ಹುರಿಯಿಂದ ಕಟ್ಟಿದ್ದರು. ಮೇಲೆ ಹಳೆಯ ಮೀನುಬಲೆಯ ಎರಡು ಪದರ ಹೊದಿಸಿದ್ದರಿಂದ ಬಿಸಿಲು ಸೋಸಿಕೊಂಡು ಒಳಗೆ ಬೀಳುತ್ತಿತ್ತು, ಗಾಳಿಗೆ ಮಾತ್ರ ತಡೆಯಿರಲಿಲ್ಲ. ಒಳಗಿನ ಆಸನ ಮೊಣಕಾಲೆತ್ತರದ ಒಂದು ಉದ್ದನೆಯ ಹಲಗೆ. ಅದರ ಬೆನ್ನು ರಸ್ತೆಗೆ, ಮುಖ ನದಿಗೆ. ಹಲಗೆಯ ಒಂದು ತುದಿಯನ್ನು ಗಾಲಿಕುರ್ಚಿ ಬಂದು ನಿಲ್ಲುವಷ್ಟು ಖಾಲಿ ಬಿಟ್ಟಿದ್ದರು. ಇದು ಆಕಸ್ಮಿಕವಲ್ಲ, ನಡೆಯುವವರ ಬಗ್ಗೆ ಯಾರೋ ಕುಳಿತು ಯೋಚಿಸಿದ್ದಾರೆ ಎಂಬುದಕ್ಕೆ ಆ ಖಾಲಿ ಜಾಗವೇ ಸಾಕ್ಷಿ.

ಅಲ್ಲಿ ಕುಳಿತವರಲ್ಲಿ ಕಲೆ ನೋಡಲೆಂದೇ ಬಂದವರು ಕಡಿಮೆ. ದೋಣಿಗೆ ಕಾಯುವ ಮೀನುಗಾರ್ತಿಯರು ಬುಟ್ಟಿಯನ್ನು ಕಾಲ ಬಳಿ ಇಟ್ಟು ಕೂರುತ್ತಿದ್ದರು, ಶಾಲೆ ಬಿಟ್ಟ ಮಕ್ಕಳು ಪಕ್ಕೆಲುಬುಗಳ ನಡುವೆ ನುಸುಳುತ್ತಿದ್ದರು, ಕಟ್ಟಡ ಕೆಲಸ ಮುಗಿಸಿ ಬಂದ ನಮ್ಮ ಉತ್ತರ ಕರ್ನಾಟಕದ ಕುಟುಂಬಗಳು ಸಂಜೆಯ ಬುತ್ತಿ ಬಿಚ್ಚುತ್ತಿದ್ದವು. ಇದನ್ನು ನಿಲ್ಲಿಸಿದ ತಂಡದಲ್ಲಿಯೂ ಬಾಗಲಕೋಟೆ ಕಡೆಯ ಬಡಗಿಯೊಬ್ಬರಿದ್ದರು. ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯಿಂದ ಬೀಸುವ ಗಾಳಿಗೆ ಹೊದಿಕೆ ಹಾಯಿಯಂತೆ ಉಬ್ಬದಿರಲಿ ಎಂದೇ ಬಟ್ಟೆ ಬಿಟ್ಟು ಬಲೆ ಆರಿಸಿದ್ದನ್ನೂ, ಉಪ್ಪುಗಾಳಿಗೆ ಕಬ್ಬಿಣದ ತಂತಿ ತುಕ್ಕು ಹಿಡಿಯುವುದರಿಂದ ನಾರಿನ ಹುರಿಗೆ ಮೊರೆಹೋದದ್ದನ್ನೂ ಅವರು ವಿವರಿಸಿದರು. ಗೋವಾದ ಕಟ್ಟಡಗಳನ್ನೂ ವೇದಿಕೆಗಳನ್ನೂ ಕಟ್ಟುವವರಲ್ಲಿ ಕನ್ನಡ ಮಾತಾಡುವ ಕೈಗಳು ಎಷ್ಟೋ ಇವೆ. ಅಂಥ ಕೈಗಳ ತಿಳಿವಳಿಕೆಯಿಂದಲೇ ಆ ಕೃತಿ ನದಿದಂಡೆಯ ಹವೆಗೆ ಒಗ್ಗಿತ್ತು ಎಂಬುದನ್ನು ಇಲ್ಲಿ ದಾಖಲಿಸಲು ನನಗೆ ಹೆಮ್ಮೆಯಿದೆ.

ಸ್ವಲ್ಪ ದೂರದಲ್ಲಿದ್ದ ಇನ್ನೊಂದು ಕೃತಿ, ಹೊಳೆಯುವ ಲೋಹದ ಎತ್ತರದ ಆಕೃತಿ, ಹೆಚ್ಚು ಖರ್ಚಿನದೆಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ಅದರ ಮುಂದೆ ಜನ ಸೇರಿದ್ದರು, ನಿಜ. ಆದರೆ ಎಲ್ಲರೂ ನದಿಗೆ ಬೆನ್ನು ಹಾಕಿ ಫೋಟೊ ತೆಗೆಸಿಕೊಂಡು ಮುಂದೆ ಸಾಗುತ್ತಿದ್ದರು. ಅದನ್ನು ಕಾಲುದಾರಿಯ ನಟ್ಟನಡುವೆ ನಿಲ್ಲಿಸಿದ್ದರಿಂದ, ದೃಷ್ಟಿಹೀನರು ಕೋಲಿನಿಂದ ಗುರುತಿಸುವ ಉಬ್ಬುಗೆರೆಯ ಕಲ್ಲುಗಳ ಮೇಲೆ ಅದರ ಪೀಠವೇ ಕುಳಿತಿತ್ತು. ಕತ್ತಲಾದ ಮೇಲೆ ಸಮಸ್ಯೆ ಇನ್ನೂ ಹೆಚ್ಚು. ನೆಲದಿಂದ ಮೇಲಕ್ಕೆ ಹಾಯಿಸಿದ ಪ್ರಖರ ದೀಪಗಳು ಕಣ್ಣು ಕುಕ್ಕುತ್ತಿದ್ದುದರಿಂದ ಆಚೆ ದಡದ ರೀಸ್ ಮಾಗೋಸ್ ಕೋಟೆಯ ಕಡೆಯ ಬೆಳಕಾಗಲಿ ನೀರಾಗಲಿ ಕಾಣುತ್ತಿರಲಿಲ್ಲ, ದೀಪಗಳಿಗೆ ವಿದ್ಯುತ್ ಒದಗಿಸುವ ಜನರೇಟರ್ ದಂಡೆಯ ಗಾಳಿಗೆ ಡೀಸೆಲ್ ವಾಸನೆ ಸೇರಿಸುತ್ತಿತ್ತು. ಪ್ರದರ್ಶನದ ಸಭಾಂಗಣದಲ್ಲಿ ಅದೇ ಕೃತಿಯನ್ನು ನಾನು ಮೆಚ್ಚುತ್ತಿದ್ದೆನೇನೋ. ನದಿಯ ಪಕ್ಕದಲ್ಲಿ ನದಿಯನ್ನೇ ಅಳಿಸುವ ಕೃತಿಗೆ ಜಾಗ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೆಲವೇ ದಿನ ಇರುವ ವಸ್ತುವಿಗೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕೇ ಎಂದು ಗೆಳೆಯರು ಕೇಳುವುದುಂಟು. ತಾತ್ಕಾಲಿಕ ಎಂಬುದೇ ಅದರ ದೊಡ್ಡ ಬಲ ಎಂದು ನಾನು ಭಾವಿಸಿದ್ದೇನೆ, ಏಕೆಂದರೆ ಶಾಶ್ವತವಾಗಿ ಮಾಡಲು ಯಾರೂ ಒಪ್ಪದ ಬದಲಾವಣೆಯನ್ನು ಕೆಲವು ದಿನಗಳ ಮಟ್ಟಿಗೆ ಮಾಡಿ ನೋಡಲು ಊರು ಒಪ್ಪುತ್ತದೆ. ಪ್ಯಾರಿಸ್ ನಗರದಲ್ಲಿ 2002ರ ಬೇಸಿಗೆಯಲ್ಲಿ ಸೆನ್ ನದಿಯ ದಂಡೆಯ ವಾಹನ ರಸ್ತೆಯನ್ನು ಕೆಲವು ವಾರ ಮುಚ್ಚಿ, ಮರಳು ಸುರಿದು, ಒರಗುಕುರ್ಚಿಗಳನ್ನು ಹಾಕಿದರು. ಅದು ಪ್ರತಿ ಬೇಸಿಗೆಯ ರೂಢಿಯಾಯಿತು. ವಾಹನಗಳಿಲ್ಲದ ದಂಡೆ ಹೇಗಿರುತ್ತದೆಂದು ಜನರಿಗೆ ಅನುಭವದಿಂದ ತಿಳಿದಿದ್ದ ಆ ಊರಿನಲ್ಲಿ 2013ರಲ್ಲಿ ಎಡದಂಡೆಯ, 2016ರಲ್ಲಿ ಬಲದಂಡೆಯ ಒಂದೊಂದು ಭಾಗ ಪಾದಚಾರಿಗಳ ಪಾಲಾದವು. ನಮ್ಮ ಮುಂಬೈಯಲ್ಲಿ 1875ರಷ್ಟು ಹಳೆಯದಾದ ಸಸೂನ್ ಡಾಕ್‌ನ ಗೋದಾಮೊಂದನ್ನು 2017ರ ಕೊನೆಯಲ್ಲಿ ಬೀದಿಕಲೆಯ ಸಂಸ್ಥೆಯಾದ ಸ್ಟಾರ್ಟ್ ಇಂಡಿಯಾ ಕಲೆಗೆ ತೆರೆದಾಗ, ಮೀನಿನ ವಾಸನೆಗೆ ಹೆದರಿ ಆ ಕಡೆ ಸುಳಿಯದಿದ್ದ ಮುಂಬೈಕರರೂ ಒಳಗೆ ಬಂದು ಕೋಳಿ ಎಂಬ ಮೀನುಗಾರ ಸಮುದಾಯದವರ ದುಡಿಮೆಯನ್ನು ಕಂಡರು. ಪಣಜಿಗೆ ಹೊಂದುವ ಪಾಠ ಪ್ಯಾರಿಸ್ಸಿನದು. ನಮ್ಮ ದಂಡೆಯಲ್ಲಿ ಪ್ರತಿ ಡಿಸೆಂಬರಿನಲ್ಲೂ ಪ್ರಯೋಗ ನಡೆಯುತ್ತದೆ, ಅದರ ಫಲಿತಾಂಶವನ್ನು ಮಾತ್ರ ಯಾರೂ ಬರೆದಿಟ್ಟುಕೊಳ್ಳುವುದಿಲ್ಲ.

ಬಿದಿರಿನ ರಚನೆಯನ್ನು ಬಿಚ್ಚಿದ ನಂತರ ಆ ಜಾಗ ಹೇಗಿದೆಯೆಂದು ಹೋಗಿ ನೋಡಿದೆ. ನಾಲ್ಕು ಕಡೆ ನೆಲಹಾಸಿನ ಕಲ್ಲು ಎದ್ದಿತ್ತು, ಒಂದು ಕುಣಿಯನ್ನು ಪ್ಲೈವುಡ್ ತುಂಡಿನಿಂದ ಮುಚ್ಚಿದ್ದರು. ಅದಕ್ಕಿಂತ ಮನಸ್ಸಿಗೆ ನಾಟಿದ್ದು, ಹಲಗೆಯಿದ್ದ ಕಡೆಯ ದಂಡೆಗೋಡೆಯ ಮೇಲೆ ಅದೇ ಮೀನುಗಾರ್ತಿಯರು ಬಿಸಿಲಿನಲ್ಲೇ ಕುಳಿತಿದ್ದುದು. ಅಲ್ಲಿ ನೆರಳೂ ಆಸನವೂ ಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಮೀಕ್ಷೆ ಬೇಕಿಲ್ಲ. ಕಲಾಕೃತಿ ಹೋಗಲಿ, ಅದು ಹೋಗಲೆಂದೇ ಬಂದದ್ದು. ಆದರೆ ಜನ ಕುಳಿತು ಒಪ್ಪಿದ ಜಾಗದಲ್ಲಿ ನದಿಗೆ ಮುಖ ಮಾಡಿದ ಒಂದು ಗಟ್ಟಿ ಬೆಂಚು, ಬಿಸಿಲಿನ ಹೊತ್ತಿಗೆ ಒಂದು ಚಪ್ಪರ, ಬೇರಿಗೆ ಜಾಗವಿರುವ ಕಡೆ ಒಂದು ಮರ, ಇಷ್ಟು ಉಳಿಯಬೇಕು. ಕೃತಿಗೆ ಅನುಮತಿ ಕೊಡುವಾಗಲೇ ಕಲ್ಲು ಸರಿಪಡಿಸುವ ಠೇವಣಿಯನ್ನೂ, ದಾರಿಯ ಅಗಲದಲ್ಲಿ ಇಂತಿಷ್ಟು ಭಾಗ ತೆರವಾಗಿರಬೇಕೆಂಬ ಷರತ್ತನ್ನೂ, ಜನರೇಟರ್ ಬದಲು ಬೀದಿಕಂಬದಿಂದ ವಿದ್ಯುತ್ ಪಡೆಯುವ ವ್ಯವಸ್ಥೆಯನ್ನೂ ಸೇರಿಸಿದರೆ ನಾನು ಹೇಳಿದ ದೋಷಗಳಲ್ಲಿ ಮುಕ್ಕಾಲು ಪಾಲು ತಾನಾಗಿಯೇ ನಿವಾರಣೆಯಾಗುತ್ತವೆ.

ವಿವರ ಫಲಕಗಳ ವಿಷಯದಲ್ಲೂ ಸುಧಾರಣೆ ಬೇಕು. ನಾನು ಓದಿದ ಹೆಚ್ಚಿನ ಫಲಕಗಳು ಇಂಗ್ಲಿಷಿನಲ್ಲಿದ್ದವು, ಅದೂ ಕಲಾ ಶಾಲೆಯ ಇಂಗ್ಲಿಷಿನಲ್ಲಿ. ಕೊಂಕಣಿ ಮತ್ತು ಮರಾಠಿಯಲ್ಲಿ ಎರಡು ಸಾಲು ಇರಲೇಬೇಕು. ಈ ದಂಡೆಯಲ್ಲಿ ಸಂಜೆ ಕಳೆಯುವ ದುಡಿಯುವ ಜನರಲ್ಲಿ ಕನ್ನಡ ಓದುವವರೂ ಇರುವುದರಿಂದ ಕನ್ನಡಕ್ಕೂ ಒಂದು ಸಾಲು ದೊರೆತರೆ ಅವರಿಗೆ ಇದು ತಮಗಾಗಿಯೂ ಇಟ್ಟದ್ದೆಂದು ಅನ್ನಿಸೀತು.

ಹೋಗುವವರಿಗೆ ಕೆಲವು ಮಾತು. ದಂಡೆಯ ಮೇಲೆ ನಡೆಯಲು ಶುಲ್ಕವಿಲ್ಲ. ಕದಂಬ ನಿಲ್ದಾಣದಲ್ಲಿ ಇಳಿದು ಔರೇಂ ತೊರೆಯ ಸೇತುವೆ ದಾಟಿದರೆ ಅರಮನೆಯವರೆಗೆ ಸುಲಭವಾಗಿ ನಡೆಯಬಹುದು. ಸ್ವಂತ ವಾಹನ ತರುವುದು ಬೇಡ. ಡಿಸೆಂಬರಿನಲ್ಲಿ ನಿಲುಗಡೆ ಹುಡುಕುವುದರಲ್ಲೇ ಸಂಜೆ ಕಳೆದುಹೋಗುತ್ತದೆ. ಸೂರ್ಯ ಆರು ಗಂಟೆಯ ಸುಮಾರಿಗೆ ಮುಳುಗುವುದರಿಂದ ನಾಲ್ಕೂವರೆಗೆ ಹೊರಡುವುದು ಸೂಕ್ತ: ಬಿಸಿಲು ಇಳಿದಿರುತ್ತದೆ, ದೀಪಗಳು ಇನ್ನೂ ಹೊತ್ತಿರುವುದಿಲ್ಲ, ಕೃತಿಯನ್ನೂ ನದಿಯನ್ನೂ ಒಟ್ಟಿಗೆ ನೋಡಬಹುದಾದ ಹೊತ್ತು ಅದೊಂದೇ. ಮಂಡಿನೋವಿರುವ ಹಿರಿಯರ ಜೊತೆ ಬರುವವರು ಅರಮನೆಯ ಬದಲು ಕಲಾ ಅಕಾಡೆಮಿಯ ಬಳಿಯಿಂದ ಆರಂಭಿಸಲಿ. ಕಂಪಾಲ್ ಕಡೆ ಮರಗಳಿವೆ, ಕೂರಲು ಜಾಗವಿದೆ, ರಸ್ತೆ ದಾಟುವ ತೊಂದರೆಯೂ ಕಡಿಮೆ.