ಅಮೆರಿಕದ ಹಳೆಯ ನಿಲುವು ಗಡಿಯಾರ: ಹಿತ್ತಾಳೆ ಯಂತ್ರವೋ, ಮರದ್ದೋ, ಕೊಳವೆ ಗಂಟೆಯದೋ?

ಮೂರು ಬಗೆಯವನ್ನೂ ಬಿಚ್ಚಿ, ಜೋಡಿಸಿ, ಓಡಿಸಿ ನೋಡಿದ ಮೇಲೆ ಹೇಳುವುದಾದರೆ, ಮನೆಯಲ್ಲಿ ದಿನವೂ ಓಡಬೇಕಾದ ಗಡಿಯಾರಕ್ಕೆ ನಮ್ಮ ಆಯ್ಕೆ ಎಂಟು ದಿನದ ಹಿತ್ತಾಳೆ ಯಂತ್ರ. 1800ರ ಆಸುಪಾಸಿನಲ್ಲಿ ಮ್ಯಾಸಚೂಸೆಟ್ಸ್‌ನ ರಾಕ್ಸ್‌ಬರಿಯಲ್ಲಿ ಸೈಮನ್ ವಿಲ್ಲರ್ಡ್ ಮಾಡುತ್ತಿದ್ದುದು ಈ ಜಾತಿಯದು. ಡಯಲ್ ಮೇಲೆ ವಿಲ್ಲರ್ಡ್ ಹೆಸರಿದ್ದರೆ ಬೆಲೆ ಹಲವು ಪಟ್ಟು ಏರುತ್ತದೆ. ಅದೇ ಕಾಲದ ಹೆಸರಿಲ್ಲದ ಒಳ್ಳೆಯ ಯಂತ್ರವೂ ಅಷ್ಟೇ ಚೆನ್ನಾಗಿ ಓಡುತ್ತದೆ. ವಾರಕ್ಕೊಮ್ಮೆ ಕೀ ಕೊಟ್ಟರೆ ಸಾಕು. ಸಾಮಾನ್ಯವಾಗಿ ಯಂತ್ರವನ್ನು ಓಡಿಸಲು ಹಗ್ಗಕ್ಕೆ ತೂಗುವ ಐದೂವರೆ-ಆರು ಕಿಲೋದ ಎರಡು ಗುಂಡು, ಸೆಕೆಂಡಿಗೊಮ್ಮೆ ಟಿಕ್ ಎನ್ನುವ ಉದ್ದ ಲೋಲಕ. ಇದರಲ್ಲಿ ಸವೆಯುವುದು ಅಚ್ಚುಗಳ ತುದಿ ಕೂರುವ ತೂತು. ದೊಡ್ಡ ಚಕ್ರವನ್ನು ಬೆರಳಲ್ಲಿ ಹಿಂದೆ ಮುಂದೆ ಆಡಿಸಿ. ಅಚ್ಚಿನ ತುದಿ ಪಕ್ಕಕ್ಕೆ ಜರುಗಿದರೆ ತೂತು ಮೊಟ್ಟೆಯಾಕಾರಕ್ಕೆ ಸವೆದಿದೆ, ಬುಷ್ (ತೂತಿಗೆ ಕೂರಿಸುವ ಹೊಸ ಲೋಹದ ಬಳೆ) ಹಾಕಿಸಬೇಕು. ಆ ಖರ್ಚನ್ನು ಬೆಲೆಯಲ್ಲೇ ಕಳೆಯಿರಿ.

ಮರದ ಯಂತ್ರದ್ದು ಬೇರೆಯೇ ಚೆಲುವು. ಕನೆಕ್ಟಿಕಟ್‌ನ ಈಲೈ ಟೆರ್ರಿ 1807ರಿಂದ 1810ರೊಳಗೆ ಇಂಥ 4,000 ಯಂತ್ರ ಮಾಡಿಕೊಟ್ಟರು: ಓಕ್ ಫಲಕ, ಚೆರ್ರಿ ಮರದ ಹಲ್ಲುಚಕ್ರ. ಬೆಲೆ ಕಡಿಮೆ. ಆದರೆ ಇದು ಓಡುವುದು 30 ಗಂಟೆ. ದಿನಾ ಬಾಗಿಲು ತೆರೆದು ಹಗ್ಗ ಜಗ್ಗಬೇಕು. ಡಯಲ್ ಮೇಲೆ ಕೀ ತೂತು ಕಂಡರೂ ಮೋಸಹೋಗಬೇಡಿ, ಕೆಲವುದರಲ್ಲಿ ಅದು ಬರೀ ಬಣ್ಣದ ಚಿತ್ರ. ಹಲ್ಲುಗಳನ್ನು ಒಂದೊಂದಾಗಿ ಎಣಿಸಿ ನೋಡಿ. ಒಂದು ಮುರಿದಿದ್ದರೂ ಯಂತ್ರ ಅಲ್ಲೇ ತಡೆಯುತ್ತದೆ, ಹೊಸ ಹಲ್ಲು ಕೂರಿಸಲು ಪಳಗಿದ ಕೈಯೇ ಬೇಕು. ಮರದ ಹಲ್ಲಿಗೆ ಎಣ್ಣೆ ಬಿಡಲೇಬಾರದು: ಮರ ಎಣ್ಣೆ ಕುಡಿದು ಊದುತ್ತದೆ, ಧೂಳು ಅಂಟಿ ಮೇಣವಾಗುತ್ತದೆ. ಮಳೆಗಾಲದ ತೇವದ ಊರಿಗೆ ಇದನ್ನು ತರುವುದು ನಮಗೆ ಸರಿ ಕಾಣುವುದಿಲ್ಲ.

ಕೊಳವೆ ಗಂಟೆಯೆಂದರೆ ಸುತ್ತಿಗೆ ಬಡಿದರೆ ನಾದ ಕೊಡುವ ತೂಗುಹಾಕಿದ ಲೋಹದ ಕೊಳವೆಗಳು. ಇಪ್ಪತ್ತನೇ ಶತಮಾನದ ಆರಂಭದ ಇಂಥ ಗಡಿಯಾರಗಳಲ್ಲಿ ಸಿನ್ಸಿನಾಟಿಯ ಹರ್ಷೀಡಿ ಕಂಪನಿಯವು ಹೆಸರುವಾಸಿ. ನಾದಕ್ಕೆ ಸಾಟಿಯಿಲ್ಲ, ಕಾಲು ಗಂಟೆಗೊಮ್ಮೆ ಮನೆಯೆಲ್ಲ ತುಂಬುತ್ತದೆ. ಗುಂಡು ಮೂರು, ಹಲ್ಲುಚಕ್ರದ ಸಾಲೂ ಮೂರು, ರಿಪೇರಿ ಖರ್ಚೂ ಅದಕ್ಕೆ ತಕ್ಕಂತೆ. ಕೊಳವೆ ಒಂದು ಕಳೆದಿದ್ದರೆ ಅದೇ ಶ್ರುತಿಯದು ಸಿಗುವುದು ಬಲು ಕಷ್ಟ, ಅಂಥದನ್ನು ಬಿಟ್ಟುಬಿಡಿ. ನಾದ ತಗಡು ಬಡಿದಂತಿದ್ದರೆ ಸುತ್ತಿಗೆಯ ತೊಗಲು ಗಟ್ಟಿಯಾಗಿರಬಹುದು. ಅದು ಸುಲಭದ ಕೆಲಸ.

ಯಾವುದನ್ನೇ ಕೊಳ್ಳಿ, ಒಂದರ ಪೆಟ್ಟಿಗೆಗೆ ಇನ್ನೊಂದರ ಯಂತ್ರ ಕೂರಿಸಿದ್ದಾರೆಯೇ ಎಂದು ಟಾರ್ಚ್ ಹಿಡಿದು ನೋಡಿ. ಯಂತ್ರ ಕೂರುವ ಹಲಗೆಯಲ್ಲಿ ಕೆಲಸಕ್ಕೆ ಬಾರದ ಹಳೆಯ ತೂತು, ಹಲಗೆಯ ಕೆಳಗೆ ಹೊಸ ಮರದ ಚೂರು, ಡಯಲ್ ಅಂಚಿಗೂ ಚೌಕಟ್ಟಿಗೂ ನಡುವೆ ಸಂದು: ಇವು ಗುರುತು. ಲೋಲಕದ ಬಿಲ್ಲೆ ಹಿಂಬದಿ ಹಲಗೆಗೆ ಸವರಿದ ಗೆರೆ ಈಗಿನ ಬಿಲ್ಲೆಯ ಎತ್ತರಕ್ಕೇ ಇದ್ದರೆ ಒಳ್ಳೆಯ ಲಕ್ಷಣ.

ಸಾಗಿಸುವಾಗ ಮೊದಲು ಗುಂಡು ಕಳಚಿ, ಎಡ-ಬಲ ಬರೆದಿಡಿ. ಆಮೇಲೆ ಲೋಲಕ, ಕೊನೆಗೆ ಡಯಲ್ ಸುತ್ತ ಕೂರುವ ಪೆಟ್ಟಿಗೆಯ ಮೇಲಿನ ಮುಸುಕನ್ನು ಮುಂದಕ್ಕೆ ಎಳೆದು ತೆಗೆಯಿರಿ. ಮನೆಯಲ್ಲಿ ನಿಲ್ಲಿಸಿದ ಮೇಲೆ ಪೆಟ್ಟಿಗೆಯ ಬೆನ್ನನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿಯಿರಿ. ಇಲ್ಲದಿದ್ದರೆ ಗುಂಡುಗಳು ಇಳಿಯುತ್ತಾ ಲೋಲಕದ ಬಿಲ್ಲೆಯ ಮಟ್ಟಕ್ಕೆ ಬಂದಾಗ ಅವೂ ತೂಗತೊಡಗುತ್ತವೆ, ಲೋಲಕದ ಕಸುವನ್ನು ಕದಿಯುತ್ತವೆ, ಗಡಿಯಾರ ನಿಲ್ಲುತ್ತದೆ. ಪ್ರತಿ ವಾರವೂ ಗುಂಡು ಅದೇ ಮಟ್ಟದಲ್ಲಿದ್ದಾಗ ನಿಂತರೆ ರಿಪೇರಿಯವರನ್ನು ಕರೆಯುವ ಮುಂಚೆ ಆ ಸ್ಕ್ರೂ ಬಿಗಿಯಾಗಿದೆಯೇ ನೋಡಿ.