ಮಂಗಳೂರಿನ ಹೊರವಲಯದಲ್ಲಿ ಬಾಡಿಗೆ ಮನೆ: ಸುರತ್ಕಲ್, ತೊಕ್ಕೊಟ್ಟು, ಫರಂಗಿಪೇಟೆ

ಮಂಗಳೂರಿನಲ್ಲಿ ಕೆಲಸ ಸಿಕ್ಕಿದವರು, ಪೇಟೆಯ ಬಾಡಿಗೆ ತಾಳಲಾರದೆ ಹೊರಗೆ ಮನೆ ಹುಡುಕುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಕಿಲೋಮೀಟರ್? ದಲ್ಲಾಳಿಗಳಿಗೂ ಅದೇ ಬೇಕು. ಬೈಪಾಸಿನಲ್ಲಿ ಭಾನುವಾರ ಬೆಳಿಗ್ಗೆ ಕಾರು ಓಡಿಸಿ, ‘ನೋಡಿ, ಇಪ್ಪತ್ತೇ ನಿಮಿಷ’ ಎಂದು ತೋರಿಸಿಬಿಡುತ್ತಾರೆ. ಸೋಮವಾರ ಎಂಟೂವರೆಗೆ ಅದೇ ದಾರಿಯಲ್ಲಿ ಅವರನ್ನು ಬಸ್ಸಿನಲ್ಲಿ ನಿಲ್ಲಿಸಬೇಕು.

ಈ ಊರಿನ ಭೂಗೋಳವೇ ಬೇರೆ. ದಕ್ಷಿಣಕ್ಕೆ ನೇತ್ರಾವತಿ, ಉತ್ತರಕ್ಕೆ ಗುರುಪುರ ನದಿ ಎಂದು ಕರೆಯುವ ಫಲ್ಗುಣಿ, ಪಶ್ಚಿಮಕ್ಕೆ ಕಡಲು. ತೊಕ್ಕೊಟ್ಟಿನಿಂದ ಬರುವವರು ನೇತ್ರಾವತಿ ಸೇತುವೆ ದಾಟಬೇಕು. ಸುರತ್ಕಲ್ಲಿನವರಿಗೆ ಕೂಳೂರು ಸೇತುವೆ. ಬಜಪೆಯವರಿಗೆ ಮರವೂರು, ಮೂಡುಬಿದಿರೆಯವರಿಗೆ ಗುರುಪುರ. ನದಿಯನ್ನೇ ದಾಟದೆ ಪೇಟೆ ಸೇರಬಹುದಾದ ದೊಡ್ಡ ಹೆದ್ದಾರಿ ಒಂದೇ ಒಂದು: ಪಡೀಲ್, ಅಡ್ಯಾರ್, ಫರಂಗಿಪೇಟೆ, ತುಂಬೆ ದಾಟಿ ಬಿ.ಸಿ. ರೋಡಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75. ಮನೆ ನೋಡುವ ಮೊದಲು ನಕ್ಷೆಯಲ್ಲಿ ಇಷ್ಟನ್ನು ನೋಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಸೇತುವೆ ಎಂದರೆ ಬದಲಿ ದಾರಿ ಇಲ್ಲದ ಜಾಗ. ಫಲ್ಗುಣಿಯ ಮೇಲಿನ ಮೂಲರಪಟ್ಣದ ಸೇತುವೆ 2018ರ ಜೂನ್‌ನಲ್ಲಿ ಕುಸಿದು ಬಿದ್ದಾಗ, 2021ರ ಜೂನ್‌ನಲ್ಲಿ ಮರವೂರು ಸೇತುವೆ ಕುಸಿದು ಸಂಚಾರ ನಿಂತಾಗ ಆ ಕಡೆಯವರು ಪಟ್ಟ ಪಾಡನ್ನು ಯಾವ ಕಿಲೋಮೀಟರ್ ಲೆಕ್ಕವೂ ಹೇಳುವುದಿಲ್ಲ.

ನಮ್ಮ ಮನೆಯ ಸಮಾಚಾರ ಹೇಳದೆ ಮುಂದೆ ಹೋದರೆ ಈ ಮೂರು ಊರುಗಳ ಬಗ್ಗೆ ನನ್ನ ತೀರ್ಮಾನಕ್ಕೆ ಅರ್ಥವಿರುವುದಿಲ್ಲ. ನಾನು ಕಂಕನಾಡಿಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದವಳು. ಬೆಳಿಗ್ಗೆ ಏಳಕ್ಕೆ ಶಟರ್ ಎತ್ತಬೇಕು. ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಪರೀಕ್ಷೆಗೆ ಬಂದವರು ಆಗಲೇ ಮೆಟ್ಟಿಲ ಮೇಲೆ ಕುಳಿತಿರುತ್ತಾರೆ. ತಡವಾಗಿ ಹೋದರೆ ಅವರ ಮುಖ ನೋಡುವ ಹಾಗಿಲ್ಲ. ಗಂಡನಿಗೆ ಬೈಕಂಪಾಡಿಯ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ಅವರಿಗೆ ಬೈಕ್ ಇದೆ. ಮಗಳು ಹೈಸ್ಕೂಲು. ತೊಕ್ಕೊಟ್ಟಿನಲ್ಲಿ ಇದ್ದೆವು, ಸುರತ್ಕಲ್ಲಿನಲ್ಲಿ ಇದ್ದೆವು, ಈಗ ಫರಂಗಿಪೇಟೆಯ ಹತ್ತಿರ ಇದ್ದೇವೆ.

ಮೊದಲು ಸುರತ್ಕಲ್. ಹೊರವಲಯ ಎಂದರೆ ಆ ಊರಿನವರು ಸಿಟ್ಟಾಗುತ್ತಾರೆ, ನ್ಯಾಯವೇ. ಅದು ಪೂರ್ಣ ಪ್ರಮಾಣದ ಇನ್ನೊಂದು ಪೇಟೆ. 1960ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದಾಗಿನಿಂದ ಬೆಳೆಯುತ್ತಲೇ ಬಂದದ್ದು. ಬ್ಯಾಂಕು, ಶಾಲೆ, ದರ್ಜಿ, ಮೀನು ಮಾರುಕಟ್ಟೆ, ಕೊಂಕಣ ರೈಲ್ವೆಯ ನಿಲ್ದಾಣ, ಸಂಜೆ ಕಾಲು ನೆನೆಸಲು ಕಡಲ ತೀರ, ಎಲ್ಲವೂ ಕೈಗೆಟಕುವಷ್ಟು ಹತ್ತಿರ. ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲೇ ಇರುವುದರಿಂದ ಬೀದಿ ದೀಪ, ಕಸದ ಗಾಡಿ ಎಂದು ಹೇಳಿಕೊಳ್ಳಲು ಒಂದಷ್ಟು ಇದೆ. ಬಸ್ಸಿಗೆ ಅಲ್ಲಿ ಬರವೇ ಇಲ್ಲ. ಸಿಟಿ ಬಸ್ಸು, ಸರ್ವಿಸ್ ಬಸ್ಸು, ಉಡುಪಿಯಿಂದ ಬರುವ ಎಕ್ಸ್‌ಪ್ರೆಸ್ಸು, ಒಂದು ತಪ್ಪಿದರೆ ಬೆನ್ನಿಗೇ ಇನ್ನೊಂದು. ಹೆದ್ದಾರಿಯ ಟೋಲ್ ಗೇಟ್ ಕೂಡ ದೀರ್ಘ ಹೋರಾಟದ ನಂತರ 2022ರ ಡಿಸೆಂಬರ್‌ನಲ್ಲಿ ನಿಂತಿತು. ಪೇಟೆಯ ನಡುವಿನ ಬಸ್ ನಿಲ್ದಾಣವಾದ ಸ್ಟೇಟ್ ಬ್ಯಾಂಕಿಗೆ 16–17 ಕಿಲೋಮೀಟರ್. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಆದರೆ ಜುಲೈ ತಿಂಗಳ ಬೆಳಿಗ್ಗೆ ಪಣಂಬೂರು ದಾಟಿ ಬನ್ನಿ. ಬಂದರಿನ ಲಾರಿಗಳು, ಅನಿಲದ ಟ್ಯಾಂಕರುಗಳು, ಅವುಗಳ ನಡುವೆ ನುಗ್ಗುವ ನಮ್ಮ ಬಸ್ಸು. ಕೂಳೂರಿಗೆ ಬರುವಾಗ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ಮಳೆಗೆ ಕಿಟಕಿಯ ಶಟರ್‌ಗಳನ್ನೆಲ್ಲ ಇಳಿಸಿರುತ್ತಾರೆ, ಒಳಗೆ ಒದ್ದೆ ಕೊಡೆಗಳ ನೀರು ಚಪ್ಪಲಿಯ ಸುತ್ತ ಹರಿಯುತ್ತಿರುತ್ತದೆ, ಒಣಗದ ಚೂಡಿದಾರದ ವಾಸನೆ, ಯಾರದೋ ಬ್ಯಾಗಿನ ಬುತ್ತಿಯಿಂದ ಒಣಮೀನಿನ ಚಟ್ನಿಯ ವಾಸನೆ. ಕಾಲಿಡಲು ಜಾಗವಿಲ್ಲದಿದ್ದರೂ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ ‘ದುಂಬು ಪೋಲೆ, ದುಂಬು ಪೋಲೆ’ ಎಂದು ಮುಂದಕ್ಕೆ ತಳ್ಳುತ್ತಲೇ ಇರುತ್ತಾನೆ. ನನ್ನ ಪಕ್ಕ ನಿಂತಿದ್ದ ಅಜ್ಜಿ ಒಮ್ಮೆ ಕೇಳಿಯೇಬಿಟ್ಟರು: ‘ಮುಂದೆ ಹೋಗುವುದು ಎಲ್ಲಿಗೆ ಮಾರಾಯ, ಡ್ರೈವರನ ಮಡಿಲಿಗಾ?’ ಬಸ್ಸಿಡೀ ನಕ್ಕಿತು, ಕಂಡಕ್ಟರನೂ ನಕ್ಕ, ನಂತರ ಮತ್ತಿಬ್ಬರನ್ನು ಹತ್ತಿಸಿಕೊಂಡ. ಸೇತುವೆ ದಾಟಿದ ಮೇಲೆ ಕೊಟ್ಟಾರ ಚೌಕಿ. ಒಂದು ಗಂಟೆ ಬಿಡದೆ ಮಳೆ ಹೊಯ್ದರೆ ಅಲ್ಲಿ ರಸ್ತೆ ಯಾವುದು, ರಾಜಕಾಲುವೆ ಯಾವುದು ಎಂದು ಗೊತ್ತಾಗುವುದಿಲ್ಲ.

ಇಷ್ಟೆಲ್ಲ ದಾಟಿ ಪೇಟೆಯ ಒಳಗೆ ಬಂದರೂ ನನಗೆ ಕೆಲಸದ ಜಾಗ ಬಂದಹಾಗಾಗಲಿಲ್ಲ. ಉತ್ತರದ ಬಸ್ಸುಗಳು ಪೇಟೆ ಹೊಕ್ಕುವ ಬಾಗಿಲು ಕೊಟ್ಟಾರ. ಲಾಲ್‌ಬಾಗ್, ಪಿವಿಎಸ್, ಕೊಡಿಯಾಲ್‌ಬೈಲ್ ಕಡೆ ಕೆಲಸ ಇರುವವರಿಗೆ ಅದು ಸರಿ. ಕಂಕನಾಡಿಯವಳಾದ ನಾನು ಇಳಿದು ಇನ್ನೊಂದು ಬಸ್ಸು ಹತ್ತಬೇಕು, ಇನ್ನೊಂದು ಟಿಕೆಟ್ ತೆಗೆಯಬೇಕು. ಇನ್ನು ಕೆಲವು ಸಂಜೆ ಗಾಳಿ ತಿರುಗಿದಾಗ ಮನೆಯೊಳಗೆ ಬರುತ್ತಿದ್ದ ರಾಸಾಯನಿಕದ ಘಾಟು. ಎಲ್ಲಿಂದ ಎಂದು ಕೇಳಿದರೆ ಎಲ್ಲರೂ ಪಕ್ಕದವರ ಕಡೆ ಬೆರಳು ತೋರಿಸುತ್ತಾರೆ. ನಾನು ಯಾರ ಕಡೆಯೂ ತೋರಿಸುವುದಿಲ್ಲ, ಆದರೆ ಒಗೆದು ಒಣಹಾಕಿದ ಬಟ್ಟೆಯನ್ನು ಒಳಗೆ ತರುತ್ತಿದ್ದೆ.

ತೊಕ್ಕೊಟ್ಟು ಮೂರರಲ್ಲಿ ಪೇಟೆಗೆ ಅತ್ಯಂತ ಹತ್ತಿರ. ಉಳ್ಳಾಲದ 44 ನಂಬರಿನ ಬಸ್ಸುಗಳು, ದೇರಳಕಟ್ಟೆ, ಕೊಣಾಜೆ, ತಲಪಾಡಿ ಕಡೆಯ ಬಸ್ಸುಗಳು ಎಲ್ಲ ಅಲ್ಲೇ ಕೂಡುತ್ತವೆ. ನೇತ್ರಾವತಿ ಸೇತುವೆ ದಾಟಿ ಜೆಪ್ಪಿನಮೊಗರು ಬಂದರೆ ಪಂಪ್‌ವೆಲ್ ಕಂಡಿತೆಂದೇ ಅರ್ಥ. ಅಲ್ಲಿಂದ ಕಂಕನಾಡಿಗೆ ನಡೆದೇ ಹೋಗಬಹುದು. ಹಳೆಯ ಕಾಲದ ತೊಕ್ಕೊಟ್ಟು ನೋಡಿದವರಿಗೆ ಈಗಿನದು ಸ್ವರ್ಗ: ಅಲ್ಲಿನ ಮೇಲ್ಸೇತುವೆ 2019ರ ಜೂನ್‌ನಲ್ಲಿ ತೆರೆಯಿತು, ವರ್ಷಗಟ್ಟಲೆ ಮುಗಿಯದೆ ಊರಿಡೀ ನಗೆಪಾಟಲಾಗಿದ್ದ ಪಂಪ್‌ವೆಲ್ ಮೇಲ್ಸೇತುವೆಯೂ ಕೊನೆಗೆ 2020ರ ಜನವರಿ ಕೊನೆಯಲ್ಲಿ ತೆರೆಯಿತು. ಅಷ್ಟರೊಳಗೆ ಅದರ ಹೆಸರಿನಲ್ಲಿ ಹುಟ್ಟಿದ ಜೋಕುಗಳನ್ನು ಕೇಳುತ್ತಾ ಬೆಳೆದ ಮಕ್ಕಳು ಕಾಲೇಜು ಸೇರಿದ್ದರು. ಮೇಲ್ಸೇತುವೆ ಬಂದದ್ದು ದೂರ ಹೋಗುವವರಿಗೆ. ಬಸ್ಸಿಗೆ ಕಾಯುವ ನಮ್ಮಂಥವರು ಈಗಲೂ ಅದರ ಕೆಳಗಿನ ಗುಂಡಿಬಿದ್ದ ಸರ್ವಿಸ್ ರಸ್ತೆಯಲ್ಲೇ ನಿಲ್ಲುತ್ತೇವೆ ಎಂಬುದು ಬೇರೆ ಮಾತು.

ಅಲ್ಲಿ ನಮ್ಮನ್ನು ಎಬ್ಬಿಸಿದ್ದು ಬಾಡಿಗೆಯ ಲೆಕ್ಕಾಚಾರ. ದೇರಳಕಟ್ಟೆಯ ಸುತ್ತ ವೈದ್ಯಕೀಯ ಕಾಲೇಜುಗಳು ಇರುವುದರಿಂದ ಒಂದು ಮನೆಯಲ್ಲಿ ನಾಲ್ವರು ವಿದ್ಯಾರ್ಥಿಗಳನ್ನು ಕೂರಿಸಿ ತಲೆಗೆ ಇಷ್ಟೆಂದು ವಸೂಲಿ ಮಾಡುವುದು ಮಾಲೀಕರಿಗೆ ಲಾಭ. ನಮ್ಮ ಮಾಲೀಕರು ಬಾಯಿಬಿಟ್ಟು ಹೇಳಿದರು: ‘ನಿಮ್ಮ ಮೇಲೆ ಬೇಸರ ಇಲ್ಲ, ಅಮ್ಮ. ಆದರೆ ನೀವು ಮೂವರು ಒಂದೇ ಬಾಡಿಗೆ ಕೊಡುತ್ತೀರಿ.’ ಇಷ್ಟು ಪ್ರಾಮಾಣಿಕವಾಗಿ ಹೇಳಿದವರ ಮೇಲೆ ಕೋಪಿಸಿಕೊಳ್ಳಲೂ ಆಗಲಿಲ್ಲ. ಕಡಲಿನ ಬದಿಗೆ ಹೋದರೆ ಬಾಡಿಗೆ ಕಡಿಮೆ, ನಿಜ. ಆದರೆ ಅಲ್ಲಿ ಏಪ್ರಿಲ್ ಬಂದರೆ ಬಾವಿನೀರಿಗೆ ಉಪ್ಪು, ಜೂನ್ ಬಂದರೆ ಕಡಲ್ಕೊರೆತದ ಸುದ್ದಿ. ವಿದ್ಯಾರ್ಥಿಗಳ ಕಾಟವಿಲ್ಲದ ಮನೆ, ಸಿಹಿನೀರಿನ ಬಾವಿ ಎರಡೂ ಸಿಕ್ಕರೆ ತೊಕ್ಕೊಟ್ಟಿನಂಥ ಜಾಗ ಇಲ್ಲ. ಸಿಗುವುದು ಕಷ್ಟ.

ಹಾಗೆ ತೊಕ್ಕೊಟ್ಟು, ನಂತರ ಸುರತ್ಕಲ್ ಎರಡನ್ನೂ ಬಿಟ್ಟು ಫರಂಗಿಪೇಟೆಗೆ ಬಂದೆವು. ಬಂಟ್ವಾಳ ತಾಲೂಕು, ಪುದು ಗ್ರಾಮ ಪಂಚಾಯತಿ. ಪೇಟೆಯ ಗೆಳತಿಯರು ‘ಅಷ್ಟು ದೂರವಾ!’ ಎಂದರು. ಸ್ಟೇಟ್ ಬ್ಯಾಂಕಿನಿಂದ ಅಳೆದರೆ ತೊಕ್ಕೊಟ್ಟಿಗಿಂತ ದೂರವೇ. ಆದರೆ ಪೂರ್ವದ ಬಸ್ಸುಗಳು ಪೇಟೆ ಹೊಕ್ಕುವುದು ಪಂಪ್‌ವೆಲ್ ಬಾಗಿಲಿನಿಂದ, ನಂತರ ಸಿಗುವುದೇ ಕಂಕನಾಡಿ. ನಾನು ಇಳಿದ ಮೇಲೆ ಬಸ್ಸು ಸ್ಟೇಟ್ ಬ್ಯಾಂಕಿಗೆ ಎಷ್ಟು ಹೊತ್ತಿಗಾದರೂ ಹೋಗಲಿ. ನಾಲ್ಕು ಪಥದ ರಸ್ತೆ, ದಾಟಲು ನದಿ ಸೇತುವೆ ಇಲ್ಲ, ಬ್ರಹ್ಮರಕೂಟ್ಲುವಿನ ಟೋಲ್ ನಮ್ಮಿಂದ ಆಚೆ.

ಹೆಂಗಸರು ಗಮನಿಸಬೇಕಾದ ಇನ್ನೊಂದು ವಿಷಯ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಘಟ್ಟದ ಮೇಲಿನ ನೆಂಟರು ‘ಇನ್ನು ನಿಮಗೆ ಬಸ್ಸು ಪುಕ್ಕಟೆ’ ಎಂದು ಫೋನ್ ಮಾಡಿದರು. ನಮ್ಮ ಕರಾವಳಿಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ಶಕ್ತಿಗೆ ಶಕ್ತಿಯಿಲ್ಲ. ಸುರತ್ಕಲ್ಲಿನಲ್ಲಿದ್ದಾಗ ಆ ಯೋಜನೆಯಿಂದ ನನಗೆ ಆದ ಲಾಭ ಅಷ್ಟಕ್ಕಷ್ಟೆ. ಹೆದ್ದಾರಿ 75ರಲ್ಲಿ ಮಾತ್ರ ಪುತ್ತೂರು, ಧರ್ಮಸ್ಥಳದ ಕಡೆಯಿಂದ ಸರ್ಕಾರಿ ಬಸ್ಸುಗಳು ಬರುತ್ತಲೇ ಇರುತ್ತವೆ. ಎಲ್ಲವೂ ಫರಂಗಿಪೇಟೆಯಲ್ಲಿ ನಿಲ್ಲುವುದಿಲ್ಲ. ನಿಲ್ಲುವುದು ಸಿಕ್ಕಿದರೆ ಆಧಾರ್ ತೋರಿಸಿ ಹತ್ತಿದರಾಯಿತು. ಬಿ.ಸಿ. ರೋಡಿನಲ್ಲಿ ಹತ್ತುವವರಿಗೆ ಈ ಅನುಕೂಲ ಇನ್ನೂ ಹೆಚ್ಚು, ಅವರಿಗೆ ಬಂಟ್ವಾಳ ನಿಲ್ದಾಣದ ರೈಲೂ ಇದೆ.

ಈಗಿನ ಮನೆ ನೋಡಲು ಹೋದದ್ದು ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ, ಬೇಕೆಂದೇ. ಬಿಸಿಲಲ್ಲಿ ಎಲ್ಲ ಮನೆಯೂ ಚಂದ. ಕೆಂಪುಕಲ್ಲಿನ ಗೋಡೆ, ಮೇಲೆ ಹಂಚು, ಹಿಂದೆ ಬಾವಿ. ಮನೆಯ ಯಜಮಾನತಿ ಎಪ್ಪತ್ತು ದಾಟಿದವರು. ನಾನು ಮೂಲೆಯ ಗೋಡೆಗೆ ಅಂಗೈ ಒತ್ತಿ ತೇವ ನೋಡುತ್ತಿದ್ದರೆ ಅವರು ನನ್ನನ್ನು ನೋಡುತ್ತಿದ್ದರು. ‘ಮೀನು ಮಾಡುತ್ತೀರಾ?’ ಎಂದು ಕೇಳಿದರು. ಈ ಪ್ರಶ್ನೆಗೆ ಬೇರೆ ಕಡೆ ‘ಹೌದು’ ಎಂದು ಮನೆ ಕಳೆದುಕೊಂಡ ನೆನಪಿನಿಂದ ಗಂಡ ಸುಮ್ಮನಾದರು. ನಾನೇ ‘ಮಾಡುತ್ತೇವೆ ಅಕ್ಕ’ ಎಂದೆ. ‘ಹಾಗಾದರೆ ಸರಿ. ಹೋದವರು ಮಾಡುತ್ತಿರಲಿಲ್ಲ, ನನಗೆ ಬಂಗುಡೆ ಸುಡಲೂ ಸಂಕೋಚವಾಗುತ್ತಿತ್ತು’ ಎಂದರು. ನಂತರ ನಾನು ಕೇಳಬೇಕಾದದ್ದನ್ನು ಕೇಳಿದೆ: 1974ರ ನೆರೆ ಎಲ್ಲಿಯ ತನಕ ಬಂದಿತ್ತು? ಅವರು ಕೆಳಗಿನ ತೋಟದ ಅಂಚು ತೋರಿಸಿದರು. 2019ರ ನೆರೆ? ಅದಕ್ಕೂ ಕೆಳಗೆ. ನೇತ್ರಾವತಿಯ ದಂಡೆಯ ಊರುಗಳಲ್ಲಿ ಈ ಎರಡು ಇಸವಿಗಳನ್ನು ಹೇಳಿದರೆ ಹಿರಿಯರು ಕೈಮಾಡಿ ಜಾಗ ತೋರಿಸುತ್ತಾರೆ; ಅದಕ್ಕಿಂತ ಖಚಿತವಾದ ಕಾಗದಪತ್ರ ನನಗೆ ಬೇಡ. ಬಾಡಿಗೆ 9,000 ರೂಪಾಯಿ, ನೀರಿಗೆ ಬೇರೆ ಇಲ್ಲ. ತುಂಬೆ ಅಣೆಕಟ್ಟಿನ ನೀರು ಕುಡಿಯುವ ಮಂಗಳೂರಿಗೆ 2019ರ ಬೇಸಿಗೆಯಲ್ಲಿ ಸರದಿಯಂತೆ ನೀರು ಬಿಟ್ಟದ್ದು ನೆನಪಿರುವವರಿಗೆ ಸ್ವಂತ ಬಾವಿಯ ಬೆಲೆ ಗೊತ್ತು.

ಹುಳುಕು ಇಲ್ಲದ ಜಾಗ ಇದೂ ಅಲ್ಲ. ಎಂಟು ಗಂಟೆಯ ಹೊತ್ತಿಗೆ ಪುತ್ತೂರು, ಬೆಳ್ತಂಗಡಿ, ವಿಟ್ಲ ಕಡೆಯ ಬಸ್ಸುಗಳು ಬರುವಾಗಲೇ ತುಂಬಿರುತ್ತವೆ. ಸೀಟಿನ ಆಸೆ ಬಿಡಿ, ಕೆಲವು ನಿಲ್ಲಿಸುವುದೂ ಇಲ್ಲ. ನಾನು ಆರೂ ಕಾಲಿಗೆ ಹೊರಡುವವಳಾದ್ದರಿಂದ ಬಚಾವು, ಮಗಳು ದಿನವೂ ಬೈಯುತ್ತಾಳೆ. ಪಡೀಲಿನ ರೈಲ್ವೆ ಸೇತುವೆಯ ಕೆಳಗೆ ದೊಡ್ಡ ಮಳೆಗೆ ನೀರು ನಿಂತರೆ ಅರ್ಧ ಗಂಟೆ ಹೋಯಿತು. ರಾತ್ರಿ ಒಂಬತ್ತರ ನಂತರ ಬಸ್ಸುಗಳು ವಿರಳ, ಹೆದ್ದಾರಿಯಲ್ಲಿ ಇಳಿದ ಮೇಲೆ ಒಳದಾರಿಗೆ ರಿಕ್ಷಾ ಸಿಗುವುದು ಅದೃಷ್ಟ. ಗಾಳಿಗೆ ತೆಂಗಿನ ಮಡಲು ತಂತಿಯ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಎಂದು ಲೈನ್‌ಮನ್‌ಗೂ ಗೊತ್ತಿರುವುದಿಲ್ಲ. ರಾತ್ರಿ ಪಾಳಿ ಇರುವವರಿಗೆ ಈ ಜಾಗ ಹೇಳುವುದಿಲ್ಲ. ಅವರು ಸುರತ್ಕಲ್ ನೋಡಲಿ, ಹೊತ್ತು ಮೀರಿದರೂ ಉಡುಪಿ ಕಡೆಯ ಯಾವುದಾದರೂ ಬಸ್ಸು ಸಿಕ್ಕೀತು.

ಉಳಿದ ಕಡೆಗಳ ಬಗ್ಗೆ ಎರಡೇ ಮಾತು, ಏಕೆಂದರೆ ನಾನು ಅಲ್ಲಿಂದ ದಿನವೂ ಕೆಲಸಕ್ಕೆ ಓಡಾಡಿದವಳಲ್ಲ. ಮೂಡುಬಿದಿರೆ ನನ್ನ ತವರು. ಗುರುಪುರದ ಹೊಸ ಸೇತುವೆ 2020ರಲ್ಲಿ ಆದ ಮೇಲೆ ಹಳೆಯ ಕಬ್ಬಿಣದ ಸೇತುವೆಯ ಭಯ ಹೋಯಿತು, ಆದರೆ ಬಿಕರ್ನಕಟ್ಟೆಯಿಂದ ಸಾಣೂರಿನ ತನಕದ ಹೆದ್ದಾರಿ ಅಗಲೀಕರಣದ ಧೂಳು, ಕೆಸರು ತಿಂದವರಿಗೇ ಗೊತ್ತು. ದಿನವೂ ಓಡಾಡಲು ಅದು ದೂರವೇ. ಮೂಲ್ಕಿ ಶಾಂತವಾದ ಊರು, ಹೆಜಮಾಡಿ ಟೋಲಿನಿಂದ ಈಚೆಗೆ ಇರುವುದೂ ಒಳ್ಳೆಯದು. ಆದರೆ ಅಲ್ಲಿಂದಲೂ ಕೂಳೂರನ್ನು ದಾಟಿಯೇ ಬರಬೇಕು.

ಗಂಡನ ಮಾತು ಬರೆಯದಿದ್ದರೆ ಪಕ್ಷಪಾತವಾಗುತ್ತದೆ. ಸುರತ್ಕಲ್ಲಿನಲ್ಲಿದ್ದಾಗ ಬೈಕಂಪಾಡಿಗೆ ಹತ್ತು ನಿಮಿಷದಲ್ಲಿ ಹೋಗುತ್ತಿದ್ದವರು ಈಗ ಪಡೀಲ್, ನಂತೂರು, ಕೂಳೂರು ಸುತ್ತಿ ಹೋಗಬೇಕು. ನಂತೂರಿನ ವೃತ್ತದಲ್ಲಿ ನಾಲ್ಕೂ ಕಡೆಯವರು ಒಟ್ಟಿಗೆ ನುಗ್ಗುವಾಗ ಅವರಿಗೆ ನನ್ನ ನೆನಪು ಯಾವ ಶಬ್ದಗಳಲ್ಲಿ ಆಗುತ್ತದೋ ನಾನು ಕೇಳಿಲ್ಲ. ಆದರೆ ಮನೆಯಲ್ಲಿ ಒಬ್ಬರಿಗೆ ಸ್ವಂತ ವಾಹನ, ಇನ್ನೊಬ್ಬರಿಗೆ ಬಸ್ಸು ಎಂದಾದರೆ ಬಸ್ಸಿನವರ ಅನುಕೂಲ ನೋಡಿಯೇ ಮನೆ ಹಿಡಿಯಬೇಕು ಎಂಬುದು ನನ್ನ ಪಟ್ಟು. ಬೈಕಿನವರು ಗಲ್ಲಿಯಲ್ಲಿ ನುಸುಳಬಹುದು, ಹತ್ತು ನಿಮಿಷ ಬೇಗ ಹೊರಡಬಹುದು. ಬಸ್ಸಿನವರು ಬಸ್ಸು ನಿಂತರೆ ನಿಲ್ಲಬೇಕು. ಗಂಡನಿಗೆ ಇದು ಒಪ್ಪಿಗೆ ಇಲ್ಲ, ಈಗಲೂ ಸುರತ್ಕಲ್ಲಿಗೇ ಹೆಚ್ಚು ಅಂಕ ಎನ್ನುತ್ತಾರೆ. ಅವರ ಅಭಿಪ್ರಾಯ ಅವರೇ ಬರೆದುಕೊಳ್ಳಲಿ.